ಕೆಂಪು ಮೆಟ್ಟು ಕಪ್ಪು ಮಾಡೋದು ಹೇಗೆ? (ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ)



ಹೋದ ವಾರ ಹೊಸಬಾಳೆ ಕಡೆಯ ಹುಡುಗನೊಬ್ಬ ಫೋನ್ ಮಾಡಿದ್ದ. ಬೆಂಗಳೂರಲ್ಲಿ ಕೆಲಸ ಸಿಕ್ಕಿದೆ, ಸೋಮವಾರ ಹಾಜರಾಗಬೇಕು, ಕಪ್ಪು ಬೂಟು ಕಡ್ಡಾಯ ಅಂದಿದ್ದಾರೆ. ಅವನ ಹತ್ರ ಇದ್ದದ್ದು ಅಕ್ಕನ ಮದುವೆಗೆ ತಗೊಂಡ ಕಂದು ಬೂಟು. ಹೊಸದು ತಗೊಳ್ಳೋಕೆ ಮೊದಲ ಸಂಬಳ ಬರಬೇಕು. "ಅಣ್ಣ, ಇದನ್ನ ಮನೇಲೇ ಕಪ್ಪು ಮಾಡೋಕಾಗುತ್ತಾ? ಯೂಟ್ಯೂಬಲ್ಲಿ ನೋಡ್ದೆ, ಎಲ್ಲಾ ಇಂಗ್ಲಿಷಲ್ಲಿದೆ. ಅವರು ತೋರಿಸೋ ಬಣ್ಣದ ಬಾಟ್ಲಿ ಸೊರಬದಲ್ಲೂ ಇಲ್ಲ, ಶಿಕಾರಿಪುರದಲ್ಲೂ ಇಲ್ಲ."

ನಾನು ಸ್ವಲ್ಪ ಹೊತ್ತು ಸುಮ್ಮನಾದೆ. ಯಾಕಂದ್ರೆ ಆ ಹುಡುಗನ ಅಜ್ಜನನ್ನ ನಾನು ಬಲ್ಲೆ. ಮೆಟ್ಟು ಹೊಲಿಯುತ್ತಿದ್ದ ಮನುಷ್ಯ. ರಂಪಿಗೆ ಹಿಡಿದು ಕೂತರೆ ತಲೆ ಎತ್ತುತ್ತಿರಲಿಲ್ಲ. ಕೆಂಪು ತೊಗಲನ್ನು ಕಣ್ಣೆದುರಿಗೇ ಕಪ್ಪು ಮಾಡಿ ತೋರಿಸಿದ್ದನ್ನ ನಾನೇ ಚಿಕ್ಕಂದಿನಲ್ಲಿ ನೋಡಿದ್ದೀನಿ. ಮೊಮ್ಮಗ ಈಗ ಅದನ್ನ ಅಮೆರಿಕದ ಯಾವನೋ ಹತ್ರ ಕಲಿಯೋಕೆ ಹೊರಟಿದ್ದಾನೆ. ಹುಡುಗನ ತಪ್ಪಿಲ್ಲ. ಅಜ್ಜನೇ ಅವನಿಗೆ ಹೇಳಿಕೊಟ್ಟಿಲ್ಲ, ಬೇಕೂಂತಲೇ ಹೇಳಿಕೊಟ್ಟಿಲ್ಲ. ಯಾಕೆ ಹೇಳಿಕೊಡಲಿಲ್ಲ ಅನ್ನೋದೇ ಇವತ್ತಿನ ವಿಷಯ. ಬೂಟಿನ ವಿಷಯಕ್ಕೆ ಕೊನೆಗೆ ಬರ್ತೀನಿ.

ಮೊದಲು ಆ ಅಜ್ಜ ಮಾಡುತ್ತಿದ್ದದ್ದೇನು ಅಂತ ಹೇಳಿಬಿಡ್ತೀನಿ. ಒಂದು ಹಳೇ ಮಡಕೆಯಲ್ಲಿ ತುಕ್ಕು ಹಿಡಿದ ಮೊಳೆ, ಎತ್ತಿನ ಲಾಳದ ತುಂಡು, ಮುರಿದ ಕುಡುಗೋಲಿನ ಚೂರು. ಅದರ ಮೇಲೆ ಹುಳಿ ಬಂದ ಗಂಜಿ, ಒಂದು ಉಂಡೆ ಬೆಲ್ಲ, ನೀರು. ಹತ್ತು ಹನ್ನೆರಡು ದಿನ ಮೂಲೆಯಲ್ಲಿ ಇಟ್ಟರೆ ನೊರೆ ಬಂದು, ವಾಸನೆ ಬಂದು, ನೀರು ಕಂದು ಬಣ್ಣಕ್ಕೆ ತಿರುಗುತ್ತದೆ. ಅದನ್ನ ಬಟ್ಟೆಯಲ್ಲಿ ಸೋಸಿ, ಚಿಂದಿ ಅದ್ದಿ, ತೊಗಟೆಯಲ್ಲಿ ಹದ ಮಾಡಿದ ಕೆಂಪು ಮೆಟ್ಟಿನ ಮೇಲೆ ಒಂದೇ ಒಂದು ಸಲ ಎಳೆದರೆ ಸಾಕು. ಮೊದಲು ಬೂದಿ, ಆಮೇಲೆ ನೀಲಿ, ನೋಡ್ತಾ ನೋಡ್ತಾ ಕಪ್ಪು. ನೀರು ಕಪ್ಪಲ್ಲ, ತೊಗಲೂ ಕಪ್ಪಲ್ಲ. ಎರಡೂ ಸೇರಿದಾಗ ಕಪ್ಪು ಹುಟ್ಟುತ್ತದೆ. ಆಗ ನಮಗೆ ಅದು ಮಾಟ ಅನ್ನಿಸಿತ್ತು.

ಮಾಟ ಏನಿಲ್ಲ. ತಂಗಡಿ, ಜಾಲಿ, ಕಕ್ಕೆ ಮರಗಳ ತೊಗಟೆಯಲ್ಲಿ, ಅಳಲೆಕಾಯಲ್ಲಿ ಟ್ಯಾನಿನ್ ಅನ್ನುವ ಒಗರು ಇರುತ್ತದೆ. ಹಸಿ ಚಕ್ಕಳ ಕೊಳೆಯದ ಹಾಗೆ ಮಾಡೋದು ಅದೇ ಒಗರು. ಹುಳಿಯಲ್ಲಿ ನೆನೆದ ಕಬ್ಬಿಣ ನೀರಿಗೆ ಇಳಿದಿರುತ್ತದೆ. ಆ ಕಬ್ಬಿಣವೂ ತೊಗಲೊಳಗಿನ ಒಗರೂ ಕೂಡಿದರೆ ನೀಲಿಗಪ್ಪು. ಬಣ್ಣ ಮೇಲೆ ಬಳಿದದ್ದಲ್ಲ, ತೊಗಲಿನ ಒಳಗೇ ಹುಟ್ಟಿದ್ದು. ಅದಕ್ಕೇ ಮಳೆಗಾಲದಲ್ಲಿ ಗದ್ದೆಯ ಕೆಸರಲ್ಲಿ ತುಳಿದರೂ ಅದು ಬಿಡಲ್ಲ.

ಇಲ್ಲಿ ಒಂದು ಮಾತು ಗಮನಿಸಿ. ಹಳೇ ಕಾಲದಲ್ಲಿ ಕಾಗದದ ಮೇಲೆ ಬರೆಯೋ ಮಸಿ ಮಾಡುತ್ತಿದ್ದ ಒಂದು ವಿಧಾನ ಅಳಲೆಕಾಯಿ ಕಷಾಯಕ್ಕೆ ಅನ್ನಭೇದಿ ಹಾಕೋದು. ಅನ್ನಭೇದಿ ಅಂದ್ರೆ ಕಬ್ಬಿಣದ ಉಪ್ಪೇ. ಅಂದ್ರೆ ಶಾನುಭೋಗರ ದಪ್ತರದ ಮಸಿಯೂ ನಮ್ಮಜ್ಜಂದಿರ ಮೆಟ್ಟಿನ ಕಪ್ಪೂ ಒಂದೇ ರಸಾಯನ. ಒಂದು ಮಡಿಕೆಯದ್ದು ವಿದ್ಯೆ ಆಯ್ತು, ಇನ್ನೊಂದು ಮಡಿಕೆಯದ್ದು ಮೈಲಿಗೆ ಆಯ್ತು. ಮಸಿ ಕುಡಿಕೆ ಹಿಡಿದವನಿಗೆ ಜಗಲಿ, ಕಪ್ಪಿನ ಮಡಕೆ ಹಿಡಿದವನಿಗೆ ಊರಾಚೆ.

ವಿದ್ಯೆಯ ಪಟ್ಟಿ ಯಾರು ಮಾಡ್ತಾರೆ ಅನ್ನೋದಕ್ಕೆ ನಮ್ಮ ಸೀಮೆಯಲ್ಲೇ ಒಂದು ಕಲ್ಲಿನ ಸಾಕ್ಷಿ ಇದೆ. ಶಿಕಾರಿಪುರ ತಾಲೂಕಿನ ಬಳ್ಳಿಗಾವಿ, ಅಲ್ಲಮನ ಊರು ಅಂತ ನಾವು ಹೆಮ್ಮೆ ಪಡೋ ಊರು. ಅಲ್ಲಿನ ಕೋಡಿಮಠದ 1162ರ ಶಾಸನ ಕೇಳಿರಬಹುದು. ಬಿಜ್ಜಳನ ಕಾಲದ್ದು. ಆ ಮಠದಲ್ಲಿ ಏನೇನು ಕಲಿಸ್ತಾರೆ ಅಂತ ಅದು ಸಾಲು ಸಾಲಾಗಿ ಹೇಳುತ್ತದೆ: ನಾಲ್ಕು ವೇದ, ವ್ಯಾಕರಣಗಳು, ದರ್ಶನಗಳು, ಲಾಕುಳ ಸಿದ್ಧಾಂತ, ಯೋಗ, ಪುರಾಣ, ಧರ್ಮಶಾಸ್ತ್ರ, ಕಾವ್ಯ, ನಾಟಕ. ಬಡವರಿಗೆ, ಕುರುಡರಿಗೆ, ಕುಂಟರಿಗೆ ಊಟ ಹಾಕುತ್ತಿದ್ದರು, ರೋಗಿಗಳಿಗೆ ಮದ್ದು ಕೊಡುತ್ತಿದ್ದರು ಅಂತಲೂ ಇದೆ. ಒಳ್ಳೇದೇ, ನಾನು ಅದನ್ನ ಕಡಿಮೆ ಮಾಡಿ ಹೇಳ್ತಿಲ್ಲ. ಆದರೆ ಆ ಉದ್ದದ ಪಟ್ಟಿಯಲ್ಲಿ ಕೈಯಿಂದ ಮಾಡೋ ವಿದ್ಯೆಗೆ ಜಾಗ ಇಲ್ಲ. ಕಲ್ಲು ಕಡೆದವನ ವಿದ್ಯೆ ಆ ಕಲ್ಲಿನ ಮೇಲಿಲ್ಲ. ಇನ್ನು ತೊಗಲು ಹದ ಮಾಡಿದವನದು ಎಲ್ಲಿ ಬರಬೇಕು?

ಅದೇ ದಶಕದಲ್ಲಿ, ಅದೇ ಬಿಜ್ಜಳನ ಕಲ್ಯಾಣದಲ್ಲಿ, ಇನ್ನೊಂದು ಪಟ್ಟಿ ತಯಾರಾಗುತ್ತಿತ್ತು. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಮಾದಾರ ಧೂಳಯ್ಯ, ಸಮಗಾರ ಹರಳಯ್ಯ. ಇವರ ಹೆಸರಿಗೆ ಕಸುಬು ಅಂಟಿಕೊಂಡೇ ಇದೆ, ಯಾರೂ ಕಿತ್ತು ಹಾಕಿಕೊಳ್ಳಲಿಲ್ಲ. ಉತ್ತರದ ಕಡೆ ಡೋಹರರು ತೊಗಲು ಹದ ಮಾಡೋರು, ಸಮಗಾರರು ಹೊಲಿಯೋರು. ಇಬ್ಬರೂ ಅನುಭವ ಮಂಟಪದಲ್ಲಿ ಕೂತರು. ಹರಳಯ್ಯ, ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನಿಗೆ ಪಾದರಕ್ಷೆ ಮಾಡಿದ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಹರಳಯ್ಯನ ಮಗನಿಗೆ ಮಧುವರಸನ ಮಗಳನ್ನ ತಂದದ್ದಕ್ಕೆ ಇಬ್ಬರು ಬೀಗರಿಗೂ ಎಳೆಹೂಟೆಯ ಶಿಕ್ಷೆ ಆಯಿತು ಅನ್ನೋದೂ ಗೊತ್ತು.

ಈ ಕಥೆಯ ಬಗ್ಗೆ ನನಗೊಂದು ತಕರಾರಿದೆ, ಬೈಕೊಂಡರೂ ಪರವಾಗಿಲ್ಲ, ಹೇಳಿಬಿಡ್ತೀನಿ. ವರ್ಷಾ ವರ್ಷ ಹರಳಯ್ಯನ ಜಯಂತಿಯಲ್ಲಿ ಭಾಷಣ ಮಾಡೋರು ತೊಡೆಯ ಚರ್ಮ ಕೊಯ್ದ ತ್ಯಾಗವನ್ನೇ ಅರ್ಧ ಗಂಟೆ ಹೇಳ್ತಾರೆ. ಹಸಿ ಚರ್ಮ ಪಾದರಕ್ಷೆ ಆಗಬೇಕಾದರೆ ಸುಣ್ಣ, ತೊಗಟೆ, ಎಣ್ಣೆ, ವಾರಗಟ್ಟಲೆ ಕಾಯೋ ತಾಳ್ಮೆ, ಹದ ನೋಡೋ ಬೆರಳು ಬೇಕು ಅನ್ನೋದನ್ನ ಒಬ್ಬನೂ ಹೇಳಲ್ಲ. ನಮ್ಮವರ ತ್ಯಾಗ ಎಲ್ಲರಿಗೂ ಬೇಕು. ನಮ್ಮವರ ಬುದ್ಧಿ ಯಾರಿಗೂ ಬೇಡ.

ಬುದ್ಧಿಗೆ ದಾಖಲೆ ಇಲ್ವಾ? ಇದೆ. ವಿಚಿತ್ರ ಅಂದ್ರೆ ಅದನ್ನ ಬರೆದಿಟ್ಟವನು ಹೊರಗಿನವನು. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕಂಪನಿ ಸರ್ಕಾರ ಫ್ರಾನ್ಸಿಸ್ ಬುಕಾನನ್ ಅನ್ನೋ ವೈದ್ಯನನ್ನ ಈ ಸೀಮೆಯಲ್ಲಿ ಏನೇನು ಬೆಳೆಯುತ್ತೆ, ಯಾರು ಏನು ಮಾಡ್ತಾರೆ ಅಂತ ನೋಡಿ ಬರೆಯೋಕೆ ಕಳಿಸಿತು. 1800, 1801 ಎರಡು ವರ್ಷ ತಿರುಗಿದ. ನಮ್ಮ ಬನವಾಸಿ, ಚಂದ್ರಗುತ್ತಿ, ಇಕ್ಕೇರಿ ದಾರಿಯಲ್ಲೂ ಹಾದುಹೋಗಿದ್ದಾನೆ. ಪುಸ್ತಕ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟವಾಗಿ ಬಂತು. ಅದರಲ್ಲಿ ಬೆಂಗಳೂರಿನ ಭಾಗದಲ್ಲಿ ಮಾದಿಗರು ತೊಗಲು ಹದ ಮಾಡೋ ಕ್ರಮವನ್ನ ಅಡುಗೆ ಪುಸ್ತಕದ ಹಾಗೆ ತೂಕದ ಸಮೇತ ಬರೆದಿದ್ದಾನೆ. ಕುರಿ, ಮೇಕೆ ಚರ್ಮಕ್ಕೆ ಎಕ್ಕದ ಹಾಲು, ಉಪ್ಪು, ರಾಗಿ ಸಂಕಟಿ ಕಲಸಿ ಕೂದಲಿನ ಕಡೆ ಹಚ್ಚಿ ಬಿಸಿಲಿಗೆ ಹಾಕೋದು. ದನ, ಎಮ್ಮೆ ಚಕ್ಕಳಕ್ಕೆ ಸುಣ್ಣ, ಆಮೇಲೆ ತಂಗಡಿ ತೊಗಟೆ. ಕೆಂಪು ಬೇಕಾದರೆ ಅರಗಿನ ಬಣ್ಣ. (ಎಕ್ಕದ ಹಾಲಿಗೂ ಎಕ್ಕಡಕ್ಕೂ ಸಂಬಂಧ ಇದೆ ಅಂತ ನಾನು ಹೇಳ್ತಿಲ್ಲ, ಭಾಷೆ ಬಲ್ಲವರು ಜಗಳಕ್ಕೆ ಬರಬೇಡಿ.)

ರಾಗಿ ಸಂಕಟಿ! ತಿನ್ನೋ ಹಿಟ್ಟನ್ನೇ ಚರ್ಮಕ್ಕೂ ಹಚ್ಚಿದ್ದಾರೆ. ಹುಳಿ ಬಂದ ಹಿಟ್ಟು ಚರ್ಮವನ್ನ ಸಡಿಲ ಮಾಡುತ್ತೆ ಅಂತ ಕಂಡುಕೊಂಡವರು ಎಷ್ಟು ಸಲ ಮಾಡಿ, ಎಷ್ಟು ಚರ್ಮ ಕೆಡಿಸಿ, ಎಷ್ಟು ತಲೆಮಾರು ನೋಡಿ ಕಂಡುಕೊಂಡಿರಬೇಕು? ಈಗ ಅದಕ್ಕೆ ಪ್ರಯೋಗಾಲಯ ಅಂತಾರೆ. ಬುಕಾನನ್ನಿಗೆ ಇಷ್ಟೆಲ್ಲ ಹೇಳಿಕೊಟ್ಟ ಕೈಗಳ ಹೆಸರು ಅವನ ಪುಸ್ತಕದಲ್ಲಿಲ್ಲ. ಜಾತಿಯ ಹೆಸರಿದೆ, ಅಷ್ಟೇ.

ನಮ್ಮ ಭಾಷೆ ಮಾತ್ರ ಇದನ್ನ ಮರೆತಿಲ್ಲ. "ಹದ" ಅನ್ನೋ ಪದ ನೋಡಿ. ಪಾಕ ಹದಕ್ಕೆ ಬಂತು, ನೆಲ ಹದವಾಗಿದೆ, ಮಾತು ಹದವಾಗಿರಲಿ ಅಂತೀವಿ. ತೊಗಲಿಗೂ ಅದೇ ಪದ. ಊರೆಲ್ಲ ಆ ಪದವನ್ನ ಬಾಯಲ್ಲಿ ಇಟ್ಟುಕೊಂಡಿದೆ, ಹದ ಮಾಡಿದವನನ್ನ ಮಾತ್ರ ಹಟ್ಟಿಯಲ್ಲಿ ಇಟ್ಟಿತು.

ಇನ್ನು ಮೆಟ್ಟಿನ ಇತಿಹಾಸ. ಆಯಗಾರರ ಪದ್ಧತಿಯಲ್ಲಿ ಊರಿಗೆ ಮೆಟ್ಟು, ಮಿಣಿ, ಬಾರುಕೋಲು, ಬಯಲುಸೀಮೆಯಾದರೆ ಕಪಿಲೆ ಬಾನಿ, ಹಬ್ಬಕ್ಕೆ ತಮಟೆ, ಎಲ್ಲಾ ಮಾಡಿಕೊಡಬೇಕಾದದ್ದು ನಮ್ಮವರು. ಪ್ರತಿಫಲ ಸುಗ್ಗಿಯಲ್ಲಿ ಕಣದ ಅಂಚಿನಲ್ಲಿ ನಿಂತು ಇಸ್ಕೊಳ್ಳೋ ಕಾಳು. ಮಾಡಿದ ಮೆಟ್ಟನ್ನ ಮೆಟ್ಟೋ ಹಕ್ಕು? ಊರ ಬೀದಿಯಲ್ಲಿ ಕಳಚಿ ಕೈಯಲ್ಲಿ ಹಿಡ್ಕೊಂಡು, ಕಂಕುಳಲ್ಲಿ ಇಟ್ಕೊಂಡು ನಡೆದದ್ದನ್ನ ಅಜ್ಜಿಯರು ಹೇಳಿದ್ದು ನಿಮ್ಮಲ್ಲಿ ಎಷ್ಟೋ ಜನಕ್ಕೆ ನೆನಪಿರಬಹುದು. ಇದೆಲ್ಲ ಹಳೇ ಕಥೆ ಅನ್ನೋರಿಗೆ ಕಾನೂನಿನ ಪುಸ್ತಕ ತೆಗೆದು ತೋರಿಸಿ. ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ಆಯಿತು, 2016ರ ಜನವರಿ 26ಕ್ಕೆ ಜಾರಿಗೆ ಬಂತು. ದಲಿತರು ಸಾರ್ವಜನಿಕ ಜಾಗದಲ್ಲಿ ಪಾದರಕ್ಷೆ ಹಾಕೋದನ್ನ, ಹೊಸ ಬಟ್ಟೆ ಹಾಕೋದನ್ನ, ಸೈಕಲ್ಲು ಬೈಕು ಹತ್ತೋದನ್ನ ತಡೆದರೆ ಅಪರಾಧ ಅಂತ ಅದರಲ್ಲಿ ಬರೆದಿದೆ. ಚಪ್ಪಲಿ ಹಾರ ಹಾಕಿದರೂ ಅಪರಾಧ. ಈ ದೇಶದ ಸಂಸತ್ತು 2015ರಲ್ಲಿ ಕೂತು "ಚಪ್ಪಲಿ ಹಾಕ್ಕೊಳ್ಳೋಕೆ ಬಿಡಿ" ಅಂತ ಕಾನೂನು ಬರೆಯಬೇಕಾಯಿತು ಅಂದ್ರೆ ಯೋಚನೆ ಮಾಡಿ.

ಆಗ ಆ ಅಜ್ಜ ಮೊಮ್ಮಗನಿಗೆ ಯಾಕೆ ಹೇಳಿಕೊಡಲಿಲ್ಲ ಅಂತ ಅರ್ಥವಾಗುತ್ತೆ. ನಾಚಿಕೆಯಿಂದ ಮಾತ್ರ ಅಲ್ಲ. ಅದೊಂದು ತೀರ್ಮಾನ. ಬಾಬಾಸಾಹೇಬರು 1927ರಲ್ಲಿ ಮಹಾಡ್‌ನಲ್ಲಿ ಸತ್ತ ದನದ ಮಾಂಸ ಬಿಡಿ, ಎಂಜಲು ಬಿಡಿ ಅಂದರು. ಸತ್ತ ದನ ಹೊರೋದನ್ನೂ ಬಿಡಿ ಅಂದಾಗ ಪುಣೆಯ 'ಕೇಸರಿ' ಪತ್ರಿಕೆಯಲ್ಲಿ ಲೆಕ್ಕ ಹಾಕಿ ತೋರಿಸಿದರಂತೆ, ಚರ್ಮ, ಕೊಂಬು, ಮೂಳೆ ಎಲ್ಲಾ ಸೇರಿ ವರ್ಷಕ್ಕೆ 500 ರೂಪಾಯಿ ನಷ್ಟ ಮಾಡ್ಕೊಳ್ತಿದ್ದಾರೆ ಇವರು ಅಂತ. 1956ರ ಅಕ್ಟೋಬರ್ 15ರಂದು ನಾಗಪುರದ ಭಾಷಣದಲ್ಲಿ ಬಾಬಾಸಾಹೇಬರು ಇದನ್ನ ನೆನಪಿಸಿಕೊಂಡು ನಗುತ್ತಾರೆ: ಅಷ್ಟು ಲಾಭ ಇದ್ದರೆ ನೀವೇ ಹೊರಿ, ಮೇಲೆ 500 ರೂಪಾಯಿ ನಾನು ಕೊಡ್ತೀನಿ ಅನ್ನೋ ಅರ್ಥದ ಉತ್ತರ. ಒಬ್ಬರೂ ಮುಂದೆ ಬರಲಿಲ್ಲ. 

ನಮ್ಮ ಜಿಲ್ಲೆಯಲ್ಲಿ ಆ ಮಾತು ಗಟ್ಟಿಯಾಗಿ ಕೇಳಿಸಿದ್ದು 1970ರ ದಶಕದಲ್ಲಿ. ಭದ್ರಾವತಿಯ ಕಾಲೇಜಲ್ಲಿ ಕನ್ನಡ ಪಾಠ ಮಾಡುತ್ತಿದ್ದ ಪ್ರೊ. ಬಿ. ಕೃಷ್ಣಪ್ಪನವರು, ದಲಿತ ಸಂಘರ್ಷ ಸಮಿತಿ, 1973ರ ಬೂಸಾ ಗಲಾಟೆಯ ಬಿಸಿ. 1986ರ ಮಾರ್ಚಲ್ಲಿ ನಮ್ಮ ಸೊರಬ ತಾಲೂಕಿನ ಚಂದ್ರಗುತ್ತಿಯಲ್ಲೇ ಬೆತ್ತಲೆ ಸೇವೆ ತಡೆಯೋಕೆ ಹೋದ ಡಿಎಸ್‌ಎಸ್ ಕಾರ್ಯಕರ್ತರ ಮೇಲೆ, ಪೊಲೀಸರ ಮೇಲೆ ಏನೇನಾಯಿತು ಅಂತ ಈ ಪುಟ ಓದೋರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹೊಡೆದರು, ಬಟ್ಟೆ ಬಿಚ್ಚಿಸಿದರು. ಆದರೂ ಆ ಸೇವೆ ನಿಂತಿತು. ಅದೇ ರೇಣುಕೆಯ ಕಥೆಯನ್ನ ನಮ್ಮ ಹಟ್ಟಿಗಳಲ್ಲಿ ಬೇರೆ ಥರ ಹೇಳ್ತಾರೆ: ಮಗನ ಕೊಡಲಿಯಿಂದ ಓಡಿಬಂದ ಎಲ್ಲಮ್ಮನಿಗೆ ಆಸರೆ ಕೊಟ್ಟವಳು ಮಾತಂಗಿ, ಅಡಗಿಸಿಟ್ಟದ್ದು ತೊಗಲು ನೆನೆಹಾಕೋ ಬಾನಿಯ ಹಿಂದೆ ಅಂತ. ಕಥೆಗೆ ಹಲವು ರೂಪ ಇದಾವೆ. ದೇವಿಯೇ ಬಂದು ಅಡಗಿದ ಬಾನಿಯನ್ನ ಮೈಲಿಗೆ ಅಂದವರು ಯಾರು ಅಂತ ಕೇಳೋದಕ್ಕೆ ಈ ಒಂದು ರೂಪ ಸಾಕು.

ಅಂತೂ ಆ ಪೀಳಿಗೆ ಮಡಕೆ ಒಡೆದು ಹಾಕಿತು, ಮಕ್ಕಳನ್ನ ಹಾಸ್ಟೆಲ್ಲಿಗೆ ಕಳಿಸಿತು. ನನ್ನ ಪ್ರಕಾರ ಸರಿಯಾಗಿಯೇ ಮಾಡಿತು. "ಅಯ್ಯೋ, ಎಂಥಾ ಪಾರಂಪರಿಕ ಜ್ಞಾನ ಹೋಯ್ತು" ಅಂತ ಕಣ್ಣೀರು ಹಾಕೋ ನಗರದ ಸ್ನೇಹಿತರು ಒಂದು ದಿನ ಸುಣ್ಣದ ಗುಂಡಿಯ ಪಕ್ಕ ಕೂರಲಿ. ಉಗುರು ಸುಟ್ಟು, ಕೈ ಬಿರಿದು, ವಾಸನೆ ಮೈಗಂಟಿ, ಶಾಲೆಯಲ್ಲಿ ಮಗುವನ್ನ ಹಿಂದಿನ ಸಾಲಿಗೆ ಕೂರಿಸಿದಾಗ ಪರಂಪರೆ ಮಾತಾಡಲಿ.

ಆದರೆ ಒಂದು ಲೆಕ್ಕ ಬಾಕಿ ಇದೆ. ನಾವು ಬಿಟ್ಟೆವು, ಬೇರೆಯವರು ಬಿಡಲಿಲ್ಲ. ಮದರಾಸು ಪ್ರಾಂತ್ಯದಿಂದ ತಂಗಡಿ ತೊಗಟೆಯಲ್ಲಿ ಅರೆ ಹದ ಮಾಡಿದ ಚಕ್ಕಳ ಹಡಗುಗಟ್ಟಲೆ ಲಂಡನ್ನಿಗೆ ಹೋಗುತ್ತಿತ್ತು. ವ್ಯಾಪಾರದಲ್ಲಿ ಅದಕ್ಕೆ 'ಈಸ್ಟ್ ಇಂಡಿಯಾ ಕಿಪ್ಸ್' ಅಂತ ಹೆಸರು, ಮೊದಲ ಮಹಾಯುದ್ಧದಲ್ಲಿ ಸೈನಿಕರ ಬೂಟಿಗೆ ಅದೇ ಬೇಕಾಗಿತ್ತು. ಅರೆ ಹದ ಯಾಕೆ? ಬಣ್ಣ ಹಾಕೋದು, ನಯ ಮಾಡೋದು, ಹೊಳಪು ಕೊಡೋದು ಅಲ್ಲಿ. ಹಸಿ ತೊಗಲಿನ ನಾತ, ಸುಣ್ಣ, ಹುಳ ಎಲ್ಲಾ ಈ ಕಡೆ, ಬಣ್ಣ ಆ ಕಡೆ. ಲಾಭ ಇದ್ದದ್ದು ಬಣ್ಣದಲ್ಲೇ. ಕಚ್ಚಾ ಚರ್ಮ, ಅರೆ ಹದದ ಚರ್ಮ ಹೊರಗೆ ಹೋಗೋದಕ್ಕೆ ನಮ್ಮ ಸರ್ಕಾರ ಕಡಿವಾಣ ಹಾಕಿದ್ದು 1970ರ ದಶಕದಲ್ಲಿ.

ನಡುವೆ ತೊಗಲೇ ಬದಲಾಯಿತು. ತೊಗಟೆ ಬದಲು ಕ್ರೋಮಿಯಂ ಉಪ್ಪು ಬಂತು. ವಾರಗಟ್ಟಲೆ ಆಗೋ ಕೆಲಸ ಒಂದೆರಡು ದಿನಕ್ಕೆ ಮುಗಿಯೋ ಹಾಗಾಯಿತು. ಮದರಾಸಿನಲ್ಲಿ ಇಪ್ಪತ್ತನೇ ಶತಮಾನದ ಶುರುವಿಗೆ ಅದನ್ನ ತಂದು ನಿಲ್ಲಿಸಿದವನು ಆಲ್ಫ್ರೆಡ್ ಚಾಟರ್ಟನ್, ಆಮೇಲೆ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಗೂ ಬಂದವನು. ಈ ಮನುಷ್ಯ 1904ರಲ್ಲಿ ಮದರಾಸು ಪ್ರಾಂತ್ಯದ ಚರ್ಮದ ಕೆಲಸದ ಮೇಲೆ ಒಂದು ಪುಸ್ತಕವನ್ನೇ ಬರೆದ. 1948ರಲ್ಲಿ ಮದರಾಸಿನ ಅಡ್ಯಾರಿನಲ್ಲಿ ಕೇಂದ್ರ ಚರ್ಮ ಸಂಶೋಧನಾ ಸಂಸ್ಥೆ ಆಯಿತು. ಚರ್ಮ ಈಗ ವಿಜ್ಞಾನ, ಅದಕ್ಕೆ ಪದವಿ ಇದೆ, ಎಲ್ಲಾ ಜಾತಿಯೋರೂ ಓದ್ತಾರೆ, ಮೈಲಿಗೆ ಎಲ್ಲಿ ಹೋಯ್ತೋ ಗೊತ್ತಿಲ್ಲ. ನಮ್ಮ ರಾಜ್ಯದಲ್ಲಿ 1976ರಲ್ಲಿ ಲಿಡ್ಕರ್ ಬಂತು, ಈಗ ಬಾಬು ಜಗಜೀವನರಾಂ ಹೆಸರಲ್ಲಿದೆ. ರಸ್ತೆ ಬದಿಯ ಪೆಟ್ಟಿಗೆ ಅಂಗಡಿ, ತರಬೇತಿ ಒಂದಷ್ಟು ಜನಕ್ಕೆ ಸಿಕ್ಕಿದೆ. ಇನ್ನೂ ಆಗಬೇಕಾದದ್ದರ ಪಟ್ಟಿ ಈ ಪೋಸ್ಟಿಗಿಂತ ಉದ್ದ ಇದೆ, ಇನ್ನೊಂದಿನ ಬರೀತೀನಿ.

ಅಥಣಿ, ನಿಪ್ಪಾಣಿ ಕಡೆ ಮಾತ್ರ ತೊಗಟೆಯ ಕೆಲಸ ಉಳಿದುಕೊಂಡಿತು. ಕೊಲ್ಹಾಪುರಿ ಚಪ್ಪಲಿ ಅಂತ ಜಗತ್ತು ಕರೆಯೋದನ್ನ ನಮ್ಮ ಬೆಳಗಾವಿ ಜಿಲ್ಲೆಯ ಸಮಗಾರರೂ ತಲೆಮಾರುಗಳಿಂದ ಮಾಡ್ತಿದ್ದಾರೆ. ಜಾಲಿ ತೊಗಟೆ, ಅಳಲೆಕಾಯಿ, ಎಣ್ಣೆ. 2019ರಲ್ಲಿ ಸಿಕ್ಕ ಜಿಐ ಗುರುತು ಮಹಾರಾಷ್ಟ್ರದ 4, ಕರ್ನಾಟಕದ 4 ಜಿಲ್ಲೆಗಳಿಗೆ ಸೇರಿದ್ದು: ಈ ಕಡೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. 2025ರ ಜೂನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ವೇದಿಕೆ ಮೇಲೆ ಅಂಥದ್ದೇ ಮೆಟ್ಟು ಹಾಕಿಸಿ ನಡೆಸಿತು, ಮೂಲ ಎಲ್ಲಿಯದು ಅಂತ ಹೇಳದೇ. ಗಲಾಟೆ ಆದ ಮೇಲೆ ಇದು ಭಾರತದ ಕುಶಲಕರ್ಮಿಗಳಿಂದ ಪ್ರೇರಣೆ ಪಡೆದದ್ದು ಅಂತ ಒಪ್ಪಿಕೊಂಡಿತು. ಆಗ ಟಿವಿಯಲ್ಲಿ "ನಮ್ಮ ಸಂಸ್ಕೃತಿ ಕದ್ದರು" ಅಂತ ಕೂಗಿದವರಲ್ಲಿ ಎಷ್ಟು ಜನ ಆ ಮೆಟ್ಟು ಹೊಲಿದವರ ಮನೆಯಲ್ಲಿ ನೀರು ಕುಡಿದಿದ್ದಾರೆ? ಕೇಳಬೇಕು ಅನ್ನಿಸಿತು. ಸಂಸ್ಕೃತಿ ಅನ್ನೋ ಪದ ನಮ್ಮ ಚಪ್ಪಲಿಗೆ ಸಿಗಬೇಕಾದರೆ ಅದು ಇಟಲಿಗೆ ಹೋಗಿ ಬರಬೇಕಾಯಿತು.

ನಮ್ಮೂರಿನ ಉದಾಹರಣೆಯನ್ನೇ ತಗೊಳ್ಳಿ. ಸೊರಬ, ಸಾಗರ ಅಂದರೆ ಗುಡಿಗಾರರ ಗಂಧದ ಕೆತ್ತನೆ. ಅದು ಕಲೆ, ಅದಕ್ಕೆ ಪ್ರಶಸ್ತಿ, ವಸ್ತುಸಂಗ್ರಹಾಲಯದಲ್ಲಿ ಗಾಜಿನ ಪೆಟ್ಟಿಗೆ. ಸಂತೋಷವೇ, ಗುಡಿಗಾರರ ಕೈ ನಿಜಕ್ಕೂ ದೊಡ್ಡದು, ಅವರಿಗೂ ಹೊಟ್ಟೆಪಾಡಿನ ಕಷ್ಟ ಇದೆ. ಆದರೆ ಅದೇ ಸೊರಬದ ಸಂತೆಗೆ ಮೆಟ್ಟು ತರುತ್ತಿದ್ದವರ ಒಂದು ಜೊತೆ ಮೆಟ್ಟು ಎಲ್ಲಾದರೂ ಗಾಜಿನ ಹಿಂದೆ ಇಟ್ಟಿದ್ದು ನಾನಂತೂ ನೋಡಿಲ್ಲ. ಗಂಧದ ಮರ ಕೆತ್ತಿದರೆ ಕಲೆ, ತೊಗಲು ಕೆತ್ತಿದರೆ ಕಸುಬು.

ಕಚ್ಚಾ ಮಾಲಿನ ಕಥೆಯೂ ಹೇಳದೇ ಇರೋಕಾಗಲ್ಲ. 2016ರ ಜುಲೈನಲ್ಲಿ ಗುಜರಾತಿನ ಊನಾದಲ್ಲಿ ಸತ್ತ ದನದ ಚರ್ಮ ಸುಲಿದದ್ದಕ್ಕೆ ನಾಲ್ವರನ್ನ ಕಾರಿಗೆ ಕಟ್ಟಿ ಹೊಡೆದರು. ಆ ಸಿಟ್ಟು ನಮ್ಮಲ್ಲೂ ಅಕ್ಟೋಬರ್‌ನಲ್ಲಿ ಚಲೋ ಉಡುಪಿ ಆಗಿ ನಡೆಯಿತು, ನಿಮ್ಮಲ್ಲಿ ಹಲವರು ನಡೆದವರೇ. ಆಮೇಲೆ 2020ರ ಜಾನುವಾರು ಹತ್ಯೆ ತಡೆ ಕಾಯ್ದೆ ಬಂತು: 13 ವರ್ಷ ದಾಟಿದ ಎಮ್ಮೆ, ಕೋಣ ಬಿಟ್ಟರೆ ಬೇರೆ ಯಾವ ದನವನ್ನೂ ಕಡಿಯೋ ಹಾಗಿಲ್ಲ. ನೂರಾರು ವರ್ಷ "ಇದು ನಿಮ್ಮದೇ ಕೆಲಸ, ಮಾಡಲೇಬೇಕು" ಅಂದರು. ಮಾಡಿದರೆ ಈಗ ಕಟ್ಟಿ ಹೊಡೀತಾರೆ.

ಬೂಟಿಗೆ ಬರ್ತೀನಿ ಅಂದಿದ್ದೆನಲ್ಲ.

ಹುಡುಗನಿಗೆ ಹೇಳಿದ್ದು ಇದು. ನಿಮಗೂ ಉಪಯೋಗಕ್ಕೆ ಬರಬಹುದು. ಮೊದಲು ತೊಗಲು ಯಾವುದು ನೋಡು. ಕತ್ತರಿಸಿದ ಅಂಚು ಒಳಗೆಲ್ಲ ಕಂದಾಗಿದ್ದರೆ ತೊಗಟೆಯ ಹದ, ಬೂದಿ ನೀಲಿ ಇದ್ದರೆ ಕ್ರೋಮ್. ಅಂಗಡಿ ಬೂಟು ಹೆಚ್ಚೂಕಡಿಮೆ ಎಲ್ಲಾ ಕ್ರೋಮೇ. ತೊಗಲೇ ಅಲ್ಲದ ರೆಗ್ಸಿನ್ನೂ ಇರುತ್ತೆ, ಅದಕ್ಕೆ ಈ ಯಾವ ಬಣ್ಣವೂ ಇಳಿಯಲ್ಲ. ಆಮೇಲೆ ಒಂದು ಹನಿ ನೀರು ಬಿಡು. ಹನಿ ಹೀರಿಕೊಂಡು ಕಲೆ ಆದರೆ ಬಣ್ಣ ಒಳಗಿಳಿಯುತ್ತೆ. ಮೇಲೇ ಕೂತು ಜಾರಿದರೆ ಮೇಲೊಂದು ಪದರ ಇದೆ ಅಂತ ಅರ್ಥ, ಅದನ್ನ ಮೊದಲು ತೆಗೀಬೇಕು. ಉಗುರು ಬಣ್ಣ ತೆಗೆಯೋ ಅಸಿಟೋನ್ ಬಟ್ಟೆಗೆ ಹಾಕಿ ಹಗುರವಾಗಿ ಒರೆಸು. ಕಿಟಕಿ ತೆಗೆದಿರು, ಒಲೆ ಹತ್ರ ಕೂರಬೇಡ. ತಿಳಿ ಬಣ್ಣದಿಂದ ಗಾಢಕ್ಕೆ ಹೋಗಬಹುದು, ಕಪ್ಪಿನಿಂದ ಕಂದಿಗೆ ವಾಪಸ್ ಬರೋಕಾಗಲ್ಲ. ಬ್ಲೀಚ್ ಹಾಕಿದರೆ ತೊಗಲೇ ಸಾಯುತ್ತೆ. ಬರೀ ಕಪ್ಪು ಪಾಲಿಶ್ ಬಳಿದರೆ ಅದು ಬಣ್ಣ ಅಲ್ಲ, ಮೇಣ. ನಾಲ್ಕು ದಿನಕ್ಕೆ ಪ್ಯಾಂಟಿನ ಅಂಚಿಗೆ ಬರುತ್ತೆ. ಬಣ್ಣವನ್ನ ತೆಳುವಾಗಿ ಎರಡು ಮೂರು ಸಲ, ಒಂದೊಂದು ಸಲವೂ ಒಣಗಿಸಿ ಹಚ್ಚಬೇಕು. ಮೊದಲು ನಾಲಿಗೆಯ ಒಳಭಾಗದಲ್ಲಿ, ಯಾರಿಗೂ ಕಾಣದ ಕಡೆ ನೋಡಿಕೋ.

"ಅಜ್ಜನ ಕಬ್ಬಿಣದ ನೀರು?" ಅಂದ. ಅಷ್ಟೊತ್ತಿಗೆ ಅವನಿಗೆ ನಾನು ಆ ಕಥೆ ಹೇಳಿದ್ದೆ. ಅದು ನಿನ್ನ ಬೂಟಿಗೆ ಆಗಲ್ಲ ಮಾರಾಯ, ಕ್ರೋಮ್ ತೊಗಲಲ್ಲಿ ಒಗರಿಲ್ಲ, ಕಬ್ಬಿಣಕ್ಕೆ ಕೂಡೋಕೆ ಏನೂ ಸಿಗಲ್ಲ ಅಂದೆ. ಅಳಲೆಕಾಯಿ ಕಷಾಯವೋ ಕಡು ಚಹಾ ಡಿಕಾಕ್ಷನ್ನೋ ಮೊದಲು ಹಚ್ಚಿ ಆಮೇಲೆ ಹಾಕಿದರೂ ಒಂಥರಾ ಮಬ್ಬು ಬೂದಿ ಬರುತ್ತೆ, ಅಷ್ಟೇ. ತೊಗಟೆಯ ಮೆಟ್ಟಿಗಾದರೂ ಕಬ್ಬಿಣದ ನೀರು ಜಾಸ್ತಿ ಸುರಿಯೋ ಹಾಗಿಲ್ಲ. ಹುಳಿಯೂ ಕಬ್ಬಿಣವೂ ಒಳಗೆ ಉಳಿದರೆ ವರ್ಷ ಕಳೆದ ಮೇಲೆ ತೊಗಲು ಬಿರಿಯುತ್ತೆ. ಹಚ್ಚಿದ ಮೇಲೆ ಚಿಟಿಕೆ ಅಡುಗೆ ಸೋಡಾ ಕಲಸಿದ ನೀರಲ್ಲಿ ಒರೆಸಿ, ನೆರಳಲ್ಲಿ ಒಣಗಿಸಿ, ಹರಳೆಣ್ಣೆ ಹಚ್ಚಬೇಕು. ಆ ಅಜ್ಜ ಸೋಡಾ ಬದಲು ಒಲೆಯ ಬೂದಿ ತಿಳಿನೀರಲ್ಲಿ ಒರೆಸುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಹುಳಿಗೆ ಖಾರ ಅಂತಿದ್ದ. ಆಮ್ಲ, ಪ್ರತ್ಯಾಮ್ಲ ಅಂತ ನಾನು ಏಳನೇ ಕ್ಲಾಸಲ್ಲಿ ಬಾಯಿಪಾಠ ಮಾಡಿದ್ದು ಇದನ್ನೇ ಅಂತ ಗೊತ್ತಾಗೋಕೆ ನನಗೆ ಎಷ್ಟೋ ವರ್ಷ ಬೇಕಾಯಿತು.

ಹುಡುಗ ಕೊನೆಗೆ ಸೊರಬ ಪೇಟೆಯಲ್ಲಿ ರಸ್ತೆ ಬದಿ ಕೂರೋ ಹಿರಿಯರೊಬ್ಬರ ಹತ್ರ ಹೋದ. ಅವರ ಪೆಟ್ಟಿಗೆಯಲ್ಲಿ ಸ್ಪಿರಿಟಲ್ಲಿ ಕಲಸಿದ ಕಪ್ಪು ಬಣ್ಣದ ಸಣ್ಣ ಬಾಟ್ಲಿ ಇತ್ತು. ಅಷ್ಟು ದಿನ ಯೂಟ್ಯೂಬಲ್ಲಿ ಹುಡುಕಿದ್ದು ಬೀದಿಯಲ್ಲೇ ಇತ್ತು. ನೀನೇ ಹಚ್ಚು ಅಂತ ಅವನ ಕೈಗೇ ಬಟ್ಟೆ ಕೊಟ್ಟರಂತೆ. ಅವನು ಆ ಕಡೆ ಈ ಕಡೆ ನೋಡಿದನಂತೆ, ಯಾರಾದ್ರೂ ಗುರುತಿನೋರು ನೋಡ್ತಾರಾ ಅಂತ. ಆಮೇಲೆ ಅಲ್ಲೇ ಚೀಲದ ಮೇಲೆ ಕೂತು ಎರಡೂ ಬೂಟಿಗೆ ತಾನೇ ಹಚ್ಚಿದ್ದಾನೆ. ದುಡ್ಡು ಎಷ್ಟು ಅಂದರೆ, ನಿಮ್ಮಜ್ಜ ನಂಗೆ ರಂಪಿಗೆ ಹಿಡಿಯೋದು ಹೇಳಿಕೊಟ್ಟೋನು, ತಗೊಂಡು ಹೋಗು ಅಂದರಂತೆ.

ಸೋಮವಾರ ಬೆಳಿಗ್ಗೆ ಬೂಟಿನ ಫೋಟೋ ಕಳಿಸಿದ್ದ. ಹಿಮ್ಮಡಿಯ ಹತ್ರ ಒಂಚೂರು ಕಂದು ಉಳಿದಿದೆ. ಇನ್ನೊಂದು ಸಲ ಹಚ್ಚು ಅಂತ ಮೆಸೇಜ್ ಹಾಕಿದ್ದೀನಿ. ದೀಪಾವಳಿಗೆ ಊರಿಗೆ ಬಂದಾಗ ಅಟ್ಟದ ಮೇಲಿರೋ ಅಜ್ಜನ ಹಳೇ ಕೆಂಪು ಮೆಟ್ಟು ಇಳಿಸ್ತಾನಂತೆ. ಮಡಕೆಗೆ ಮೊಳೆ, ಬೆಲ್ಲ, ಗಂಜಿ ನಾನು ಈಗಲೇ ಹಾಕಿಡಬೇಕು.